ಬೇಸ್ ಪ್ರಿಯರಿಗೆ ಎರಡು ಬಗೆಯ ಹೆಡ್‌ಫೋನ್‌ಗಳು: ಹಲವು ವರ್ಷಗಳ ಬಳಕೆಯ ನಂತರ

ನನ್ನ ಬಳಿ ಇರುವ ಎರಡೂ ಹೆಡ್‌ಫೋನ್‌ಗಳು ಬೇಸ್‌ಗಾಗಿಯೇ, ಅಂದರೆ ಸಂಗೀತದ ಕೆಳಗಿನ, ಗುಂಯ್‌ಗುಡುವ ಸ್ವರಗಳಿಗಾಗಿಯೇ ಕೊಂಡವು. ಒಂದು ಬ್ಲೂಟೂತ್‌ನದು. ಗದ್ದಲ ನಿವಾರಣೆಯ ಸೌಲಭ್ಯವಿದೆ, ಹೆಚ್ಚುವರಿ ಬೇಸ್ ಎಂದು ಪೆಟ್ಟಿಗೆಯ ಮೇಲೆಯೇ ದೊಡ್ಡದಾಗಿ ಬರೆದಿತ್ತು. ಇನ್ನೊಂದು ತಂತಿಯದು. ಧ್ವನಿಮುದ್ರಣ ಸ್ಟುಡಿಯೊಗಳಲ್ಲಿ ಬಳಸುವ ಬಗೆ. ಕಿವಿಯನ್ನು ಪೂರ್ತಿ ಸುತ್ತುವರಿಯುತ್ತದೆ, ಹಿಂಬದಿ ಮುಚ್ಚಿದೆ. ಎರಡನ್ನೂ ವರ್ಷಗಳಿಂದ ದಿನವೂ ಬಳಸುತ್ತಿದ್ದೇನೆ. ಮಾದರಿಗಳ ಹೆಸರು ಬರೆಯುತ್ತಿಲ್ಲ. ಮಾದರಿಗಳು ಬೇಗ ಬದಲಾಗುತ್ತವೆ, ಈ ಎರಡು ಬಗೆಗಳ ಸ್ವಭಾವ ಮಾತ್ರ ಅಷ್ಟು ಬೇಗ ಬದಲಾಗುವುದಿಲ್ಲ. ನೀವು ಯಾವುದನ್ನು ಕೊಂಡರೂ ಈ ಎರಡರಲ್ಲಿ ಒಂದರ ಹತ್ತಿರದ ಸಂಬಂಧಿಯನ್ನೇ ಮನೆಗೆ ತರುತ್ತೀರಿ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಬೇಸ್ ಎಷ್ಟು ಜೋರಾಗಿದೆ ಎಂದು ನೋಡಿ ಹೆಡ್‌ಫೋನ್ ಆರಿಸಬೇಡಿ. ಅದು ಎಷ್ಟು ಕೆಳಗೆ ಇಳಿಯುತ್ತದೆ ಎಂದು ನೋಡಿ, ಅದಕ್ಕಿಂತ ಹೆಚ್ಚಾಗಿ ಎಲ್ಲಿ ನಿಂತು ಹಾಡುವವರ ದನಿಗೆ ಜಾಗ ಬಿಡುತ್ತದೆ ಎಂದು ನೋಡಿ. ಜೋರು ಬೇಸ್ ಮೊದಲ ಐದು ನಿಮಿಷ ಮನಸ್ಸು ಗೆಲ್ಲುತ್ತದೆ. ನಿಲ್ಲಲು ತಿಳಿಯದ ಬೇಸ್ ಒಂದು ಗಂಟೆಯೊಳಗೆ ತಲೆಚಿಟ್ಟು ಹಿಡಿಸುತ್ತದೆ.

ಇದಕ್ಕೆ ಕಾರಣವಿದೆ. ಮನುಷ್ಯನ ಕಿವಿ ಕೇಳುವ ವ್ಯಾಪ್ತಿ ಸುಮಾರು 20ರಿಂದ 20,000 ಹರ್ಟ್ಜ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನಗಳು. ಅದರಲ್ಲಿ 250 ಹರ್ಟ್ಜ್‌ವರೆಗಿನ ಭಾಗವನ್ನು ಬೇಸ್ ಎನ್ನುತ್ತೇವೆ. ಆದರೆ ಈ ಭಾಗವೆಲ್ಲ ಒಂದೇ ಬಗೆಯದಲ್ಲ. 60 ಹರ್ಟ್ಜ್‌ಗಿಂತ ಕೆಳಗಿನದು ಕೇಳಿಸುವುದಕ್ಕಿಂತ ಹೆಚ್ಚಾಗಿ ಅನುಭವಕ್ಕೆ ಬರುತ್ತದೆ. 60ರಿಂದ 120ರವರೆಗಿನದು ಡ್ರಮ್ಮಿನ ಪೆಟ್ಟು. ಅದರ ಮೇಲಿನದು ವಾದ್ಯಗಳಿಗೆ ಮೈ ತುಂಬುವ ಭಾಗ. ಗಂಡಸರ ದನಿಯ ಮೂಲ ಕಂಪನಾಂಕ ಸಾಮಾನ್ಯವಾಗಿ 85ರಿಂದ 180 ಹರ್ಟ್ಜ್ ನಡುವೆ ಇರುತ್ತದೆ, ಅಂದರೆ ದನಿಯ ಬುಡವೇ ಈ ವಲಯದಲ್ಲಿದೆ. ಬೇಸ್ ಹೆಚ್ಚು ಎಂದು ತೋರಿಸಿಕೊಳ್ಳಬೇಕಾದ ಅನೇಕ ಹೆಡ್‌ಫೋನ್‌ಗಳು ಉಬ್ಬಿಸುವುದು 100ರಿಂದ 250ರ ಈ ಮೇಲಂಚನ್ನೇ. ಅಲ್ಲಿ ಸ್ವಲ್ಪ ಏರಿಸಿದರೂ ಥಟ್ಟನೆ ಗಮನಕ್ಕೆ ಬರುತ್ತದೆ. 30 ಹರ್ಟ್ಜ್ ಅನ್ನು ಶುದ್ಧವಾಗಿ ನುಡಿಸುವುದು ಡ್ರೈವರ್‌ಗೆ (ಹೆಡ್‌ಫೋನ್‌ನೊಳಗೆ ಸದ್ದು ಹೊರಡಿಸುವ ಪುಟ್ಟ ಸ್ಪೀಕರ್‌ಗೆ) ಕಷ್ಟದ ಕೆಲಸ, ಈ ಮೇಲಂಚನ್ನು ಉಬ್ಬಿಸುವುದು ಸುಲಭದ್ದು. ಜೊತೆಗೆ ನಮ್ಮ ಕಿವಿಯದೂ ಒಂದು ಗುಣವಿದೆ: ಕೆಳಗಿನ ಸ್ವರವು ಮೇಲಿನ ಸ್ವರವನ್ನು ಮುಚ್ಚಿಹಾಕುವಷ್ಟು ಸುಲಭವಾಗಿ ಮೇಲಿನದು ಕೆಳಗಿನದನ್ನು ಮುಚ್ಚುವುದಿಲ್ಲ. ಹೀಗಾಗಿ ಉಬ್ಬಿದ ಬೇಸ್ ಹಾಡುಗಾರರ ಉಸಿರನ್ನು, ವ್ಯಂಜನಗಳ ಅಂಚನ್ನು, ತಂತಿಯ ಮೇಲೆ ಬೆರಳು ಜಾರುವ ಸದ್ದನ್ನು ನುಂಗಿಬಿಡುತ್ತದೆ.

ಬ್ಲೂಟೂತ್ ಹೆಡ್‌ಫೋನ್ ಬೆಳಗುವುದು ಎಲೆಕ್ಟ್ರಾನಿಕ್ ಸಂಗೀತ ಮತ್ತು ಹಿಪ್ ಹಾಪ್‌ನಲ್ಲಿ. ಈ ಹಾಡುಗಳ ನೆಲೆಗಟ್ಟು ರೋಲ್ಯಾಂಡ್ ಸಂಸ್ಥೆ 1980ರಲ್ಲಿ ತಂದ ಟಿಆರ್-808 ಎಂಬ ರಿದಂ ಯಂತ್ರದಲ್ಲಿದೆ. ಅದು ಹೆಚ್ಚು ಕಾಲ ತಯಾರಾಗಲಿಲ್ಲ, ಆದರೆ ಅದರ ಬೇಸ್ ಡ್ರಮ್ಮಿನ ನೀಳವಾದ, ನಿಧಾನವಾಗಿ ಕರಗುವ ಗುಂಯ್‌ಗುಡುವಿಕೆ ಇಂದಿಗೂ ಸಂಗೀತ ಸಂಯೋಜಕರ ಕೈಬಿಟ್ಟಿಲ್ಲ. ಆ ಸ್ವರದ ಶಕ್ತಿಯೆಲ್ಲ 60 ಹರ್ಟ್ಜ್‌ನ ಆಸುಪಾಸಿನಲ್ಲೂ ಅದರ ಕೆಳಗೂ ಇರುತ್ತದೆ. ಇಲ್ಲಿ ಹೆಚ್ಚು ಬೇಸ್ ಬೇಕೇ ಬೇಕು, ಕಡಿಮೆಯಾದರೆ ಹಾಡು ಅರ್ಧವೇ ಕೇಳಿದಂತೆ. ಒಂದು ಸೂಕ್ಷ್ಮವನ್ನು ಗಮನಿಸಿ. ನೃತ್ಯ ಸಂಗೀತದಲ್ಲಿ ಡ್ರಮ್ಮಿನ ಪ್ರತಿ ಪೆಟ್ಟಿಗೂ ಬೇಸ್ ಸ್ವರವನ್ನು ಕ್ಷಣಕಾಲ ತಗ್ಗಿಸಿ ಮತ್ತೆ ಏರಿಸುವ ರೂಢಿಯಿದೆ. ಒಳ್ಳೆಯ ಹೆಡ್‌ಫೋನ್‌ನಲ್ಲಿ ಆ ತಗ್ಗು ಸ್ಪಷ್ಟವಾಗಿ ಕೇಳಿಸುತ್ತದೆ. ಪೆಟ್ಟು ಬಿದ್ದಾಗ ಬೇಸ್ ಹಿಂದೆ ಸರಿಯುತ್ತದೆ, ಪೆಟ್ಟು ಮುಗಿದೊಡನೆ ಉಕ್ಕಿ ಬರುತ್ತದೆ, ಹಾಡಿಗೆ ಓಟ ಸಿಗುವುದೇ ಅದರಿಂದ. ನನ್ನ ಬ್ಲೂಟೂತ್ ಹೆಡ್‌ಫೋನ್ ತನ್ನ ಮೂಲ ಸಂಯೋಜನೆಯಲ್ಲಿ ಈ ಏರಿಳಿತವನ್ನು ಅರ್ಧದಷ್ಟು ಅಳಿಸುತ್ತಿತ್ತು. ಧ್ವನಿಯ ಬೇರೆ ಬೇರೆ ಭಾಗಗಳನ್ನು ಏರಿಸಿ ಇಳಿಸುವ ಈಕ್ವಲೈಸರ್‌ನಲ್ಲಿ 200 ಹರ್ಟ್ಜ್ ಸುತ್ತ ಮೂರು ಡೆಸಿಬಲ್ ಇಳಿಸಿದ ಮೇಲೆ ಆಳವೂ ಉಳಿಯಿತು, ಓಟವೂ ಬಂದಿತು.

ಮೆಟಲ್ ಸಂಗೀತಕ್ಕೆ ಇದೇ ಹೆಡ್‌ಫೋನ್ ಸರಿಹೋಗುವುದಿಲ್ಲ. ನಿಮಿಷಕ್ಕೆ 180 ಬಡಿತಗಳ ಗತಿಯಲ್ಲಿ ಡ್ರಮ್ ವಾದಕ ಎರಡೂ ಕಾಲಿನಿಂದ ಪ್ರತಿ ಬಡಿತಕ್ಕೆ ನಾಲ್ಕು ಪೆಟ್ಟು ಹಾಕುತ್ತಾನೆ ಎಂದುಕೊಳ್ಳಿ. ಸೆಕೆಂಡಿಗೆ ಹನ್ನೆರಡು ಪೆಟ್ಟು, ಎರಡು ಪೆಟ್ಟುಗಳ ನಡುವೆ ಸುಮಾರು 83 ಮಿಲಿಸೆಕೆಂಡ್. 50 ಹರ್ಟ್ಜ್‌ನ ಒಂದು ಅಲೆ ಪೂರ್ಣಗೊಳ್ಳಲು 20 ಮಿಲಿಸೆಕೆಂಡ್ ಬೇಕು. ಒಂದು ಪೆಟ್ಟಿನ ಅಲೆ ನಾಲ್ಕು ಸಲ ಆಡುವಷ್ಟರಲ್ಲಿ ಮುಂದಿನ ಪೆಟ್ಟು ಬಿದ್ದಿರುತ್ತದೆ! ಬೇಸ್ ಸ್ವಲ್ಪ ಎಳೆದಾಡಿದರೂ ಸಾಕು, ಹನ್ನೆರಡು ಪೆಟ್ಟುಗಳು ಒಂದೇ ಗುಡುಗಾಗಿ ಕಲೆತುಹೋಗುತ್ತವೆ. ತಂತಿಯ ಹೆಡ್‌ಫೋನ್‌ನಲ್ಲಿ ಬೇಸ್ ಪ್ರಮಾಣ ಕಡಿಮೆ, ಆದರೂ ಪೆಟ್ಟುಗಳು ಒಂದೊಂದಾಗಿ ಎಣಿಸುವಂತೆ ಬಿಡಿಬಿಡಿಯಾಗಿ ಬರುತ್ತವೆ. ಮೆಟಲ್‌ಗೆ ಶಕ್ತಿಯುತ ಬೇಸ್ ಎಂದರೆ ನನ್ನ ಮಟ್ಟಿಗೆ ಇದೇ.

ರಾಕ್ ಸಂಗೀತದ್ದು ಇನ್ನೊಂದು ಬಗೆ. ನಾಲ್ಕು ತಂತಿಯ ಬೇಸ್ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 41 ಹರ್ಟ್ಜ್, ಐದು ತಂತಿಯದಾದರೆ 31. ಆದರೂ ಆ ಸ್ವರವನ್ನು ನಾವು ಗುರುತಿಸುವುದು ಬಹುಪಾಲು ಅದರ ಎರಡರಷ್ಟು, ಮೂರರಷ್ಟು ಕಂಪನಾಂಕದ ಉಪಸ್ವರಗಳಿಂದ. ಮೂಲ ಸ್ವರ ಕಾಣೆಯಾದರೂ ಉಪಸ್ವರಗಳಿಂದ ಅದನ್ನು ಊಹಿಸಿಕೊಳ್ಳುವ ಶಕ್ತಿ ಮಿದುಳಿಗಿದೆ. ಹಾಗಾಗಿ ರಾಕ್ ಕೇಳುವವರು ಅತಿ ಆಳದ ಬೇಸ್‌ಗಾಗಿ ಪರದಾಡಬೇಕಿಲ್ಲ. 80ರಿಂದ 200ರವರೆಗೆ ಧ್ವನಿ ಸಪಾಟಾಗಿ, ಯಾವ ಸ್ವರವೂ ಗುಂಪಿನಿಂದ ಎದ್ದು ಕಾಣದಂತೆ ಇದ್ದರೆ ಸಾಕು.

ಈ ಸಮತೆಯ ನಿಜವಾದ ಪರೀಕ್ಷೆ ನಡೆಯುವುದು ತಬಲಾ ಮತ್ತು ಮೃದಂಗದಲ್ಲಿ. ಬೇಸ್ ಹೆಡ್‌ಫೋನ್ ಎಂದರೆ ನೃತ್ಯ ಸಂಗೀತಕ್ಕೆ ಮಾತ್ರ ಎಂಬ ಅಭಿಪ್ರಾಯ ಬಹಳ ಮಂದಿಗಿದೆ; ನಾನು ಒಪ್ಪುವುದಿಲ್ಲ. ತಬಲಾ ಜೋಡಿಯ ದೊಡ್ಡ ವಾದ್ಯವಾದ ಡಗ್ಗಾದ ಮೇಲೆ ಅಂಗೈಯ ಬುಡವನ್ನು ಒತ್ತಿ ಸರಿಸಿದಾಗ ಹೊಮ್ಮುವ ಸ್ವರ ಕೆಳಗಿನಿಂದ ಮೇಲಕ್ಕೆ ಒಂದೇ ಉಸಿರಿನಲ್ಲಿ ಜಾರುತ್ತದೆ. ಮೃದಂಗದ ಗುಮ್ಕಿಯೂ ಹಾಗೆಯೇ. ಆ ಜಾರುವಿಕೆ ಬೇಸ್ ವಲಯದೊಳಗಿನ ಪಯಣ. ಹೆಡ್‌ಫೋನ್ ಎಲ್ಲೋ ಒಂದು ಕಡೆ ಉಬ್ಬಿದ್ದರೆ ಸ್ವರ ಆ ಜಾಗ ದಾಟುವಾಗ ಧಿಗ್ಗನೆ ದಪ್ಪವಾಗಿ, ದಾಟಿದ ಮೇಲೆ ಸೊರಗುತ್ತದೆ. ವಾದಕ ನುಡಿಸಿದ ನುಣುಪಾದ ಗೆರೆ ನಮ್ಮ ಕಿವಿಗೆ ಗಂಟುಗಂಟಾಗಿ ತಲುಪುತ್ತದೆ. ಬ್ಲೂಟೂತ್ ಹೆಡ್‌ಫೋನ್‌ನಲ್ಲಿ ಈ ಗಂಟು ನನಗೆ ಪ್ರತಿ ಸಲವೂ ಅದೇ ಜಾಗದಲ್ಲಿ ಸಿಗುತ್ತದೆ. ತಂತಿಯದರಲ್ಲಿ ಸಿಗುವುದಿಲ್ಲ. ತಂಬೂರಿಯಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ: ಶ್ರುತಿ ಸಿ ಶಾರ್ಪ್ ಆಗಿದ್ದು ಷಡ್ಜ 138 ಹರ್ಟ್ಜ್ ಆಸುಪಾಸಿನಲ್ಲಿದ್ದರೆ ಖರ್ಜದ ತಂತಿ ಅದರ ಅರ್ಧ, ಸುಮಾರು 69. ಅದು ಹಿತಮಿತವಾಗಿ ಕೇಳಿಸಿದಾಗ ಹಾಡಿನ ಕೆಳಗೆ ನೆಲ ಇದ್ದಂತೆ ಅನಿಸುತ್ತದೆ. ಹೆಚ್ಚಾದರೆ ಗಾಯಕರು ಮಂದ್ರಕ್ಕೆ ಇಳಿದಾಗ ಅವರ ದನಿಗೇ ಅಡ್ಡಗಾಲು ಹಾಕುತ್ತದೆ. ಈ ಸಂಗೀತ ಹೆಚ್ಚಾಗಿ ಕೇಳುವವರು ಯಾವ ಜಾಹೀರಾತಿನ ಮಾತಿಗೂ ಕಿವಿಗೊಡದೆ ಡಗ್ಗಾ ಚೆನ್ನಾಗಿ ಮೂಡಿರುವ ಒಂದು ಧ್ವನಿಮುದ್ರಣವನ್ನು ಹಾಕಿ ಕೇಳಿಯೇ ಕೊಳ್ಳಬೇಕು.

ಪಾಶ್ಚಾತ್ಯ ವಾದ್ಯವೃಂದಕ್ಕೂ ಜಾಝ್‌ಗೂ ತಂತಿಯದೇ ನನ್ನ ಆಯ್ಕೆ. ಹಿಂಬದಿ ತೆರೆದ ವಿನ್ಯಾಸದ ಹೆಡ್‌ಫೋನ್‌ಗಳು ಇಲ್ಲಿ ಇನ್ನಷ್ಟು ವಿಶಾಲವಾಗಿ ಕೇಳಿಸುತ್ತವೆ, ಆದರೆ ಸಾಮಾನ್ಯವಾಗಿ ಅತಿ ಆಳದ ಬೇಸ್ ಅವುಗಳಲ್ಲಿ ಕ್ಷೀಣಿಸುತ್ತದೆ, ಪಕ್ಕದಲ್ಲಿ ಕುಳಿತವರಿಗೂ ನಮ್ಮ ಹಾಡು ಕೇಳುತ್ತದೆ.

ಇನ್ನು ಜನ ಅತಿ ಕಡಿಮೆ ಗಮನ ಕೊಡುವ ವಿಷಯ: ಕಿವಿಮೆತ್ತೆ. ಮುಚ್ಚಿದ ಹೆಡ್‌ಫೋನ್‌ನ ಬೇಸ್ ನಿಂತಿರುವುದೇ ಮೆತ್ತೆ ಮತ್ತು ಕೆನ್ನೆಯ ನಡುವಿನ ಬಿಗಿಯಲ್ಲಿ. ಗಾಳಿ ಸೋರಿದರೆ ಮೊದಲು ಸೋರುವುದು ಕೆಳಗಿನ ಸ್ವರಗಳೇ. ನಾನು ಕನ್ನಡಕ ಹಾಕುತ್ತೇನೆ. ದಪ್ಪ ಕಡ್ಡಿಯ ಕನ್ನಡಕ ಹಾಕಿದಾಗ ಆಳದ ಬೇಸ್ ಎದ್ದು ಕಾಣುವಷ್ಟು ಇಳಿಯುತ್ತದೆ, ತೆಳು ಕಡ್ಡಿಯದಾದರೆ ಅಷ್ಟಿಲ್ಲ. ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆ ಇದು: ಬೇಸ್ ಇರುವ ಹಾಡು ಹಾಕಿ, ಎರಡೂ ಬಟ್ಟಲುಗಳನ್ನು ಬೆರಳ ತುದಿಯಿಂದ ಮೆಲ್ಲಗೆ ಒತ್ತಿ. ಬೇಸ್ ಥಟ್ಟನೆ ಹೆಚ್ಚಿದರೆ ಆ ಹೆಡ್‌ಫೋನ್ ನಿಮ್ಮ ತಲೆಗೆ ಸರಿಯಾಗಿ ಕೂತಿಲ್ಲ. ಬೇರೆಯವರು ಅದನ್ನು ಎಷ್ಟು ಹೊಗಳಿದ್ದರೂ ನಿಮಗೆ ಆ ಬೇಸ್ ಸಿಗದು. ಕಿವಿಯೊಳಗೆ ಇಡುವ ಇಯರ್‌ಬಡ್‌ಗಳಿಗೂ ಇದೇ ನಿಯಮ. ಪೆಟ್ಟಿಗೆಯಲ್ಲಿ ಬರುವ ಬೇರೆ ಬೇರೆ ಅಳತೆಯ ರಬ್ಬರ್ ತುದಿಗಳನ್ನೆಲ್ಲ ಹಾಕಿ ನೋಡಲೇಬೇಕು.

ಬ್ಲೂಟೂತ್ ಹೆಡ್‌ಫೋನ್‌ನ ಕೃತಕ ಚರ್ಮದ ಮೆತ್ತೆ ಕಾಲಕ್ರಮೇಣ ಬಿರುಕು ಬಿಟ್ಟು, ಕಪ್ಪು ಚೂರುಗಳು ಕಿವಿಯ ಸುತ್ತ ಅಂಟತೊಡಗಿದವು. ಒಳಗಿನ ಸ್ಪಂಜು ಕುಸಿದು ಬಿಗಿ ಹೋಯಿತು. ಬೇಸ್ ದಿನದಿಂದ ದಿನಕ್ಕೆ ಎಳೆಎಳೆಯಾಗಿ ಇಳಿಯುವುದರಿಂದ ಅದು ಗೊತ್ತೇ ಆಗುವುದಿಲ್ಲ. ಸೇವಾ ಕೇಂದ್ರದವರು ಮೆತ್ತೆ ಸವೆಯುವ ವಸ್ತು, ವಾರಂಟಿಗೆ ಬರುವುದಿಲ್ಲ, ಬಿಡಿಭಾಗವಾಗಿಯೂ ಇಲ್ಲ ಎಂದು ಕೈಚೆಲ್ಲಿದರು. ಇಷ್ಟು ಬೆಲೆಯ ವಸ್ತುವಿಗೆ ಇದು ಅನ್ಯಾಯ ಎಂದು ನೇರವಾಗಿ ಹೇಳುತ್ತೇನೆ. ಬೇರೆ ತಯಾರಕರ ಮೆತ್ತೆ ತರಿಸಿ ಹಾಕಿದೆ. ಮೊದಲು ಸಿಕ್ಕಿದ್ದು ರಂಧ್ರಗಳಿರುವ ಜಾಲರಿ ಬಟ್ಟೆಯದು. ಕಿವಿಗೆ ತಂಪಾಗಿತ್ತು, ಬೇಸ್ ಮಾತ್ರ ಸೋರಿಹೋಯಿತು. ರಂಧ್ರಗಳಿಲ್ಲದ, ಮೂಲ ಮೆತ್ತೆಯಷ್ಟೇ ದಪ್ಪದ್ದು ಹಾಕಿದಾಗ ಹಳೆಯ ಆಳ ಮರಳಿತು. ತಂತಿಯದರ ಮೆತ್ತೆಗಳನ್ನು ತಯಾರಕರೇ ಮಾರುತ್ತಾರೆ, ಕೈಯಲ್ಲೇ ಬದಲಿಸಬಹುದು. ಅದು ಇಂದಿಗೂ ಕೊಂಡ ದಿನದಂತೆಯೇ ನುಡಿಯುತ್ತಿರುವುದಕ್ಕೆ ಇದೊಂದೇ ಕಾರಣ ಸಾಕು.

ಗದ್ದಲ ನಿವಾರಣೆ ಬೇಸ್ ಪ್ರಿಯರಿಗೆ ನಿಜವಾದ ವರ. ವಾಹನದ ಎಂಜಿನ್ನಿನ ಗುರುಗುಡುವಿಕೆ ಇರುವುದೂ ಬೇಸ್ ವಲಯದಲ್ಲೇ, ಈ ತಂತ್ರಜ್ಞಾನ ಅತಿ ಚೆನ್ನಾಗಿ ಅಡಗಿಸುವುದೂ ಆ ಕೆಳಗಿನ ಸದ್ದನ್ನೇ. ಪ್ರಯಾಣದಲ್ಲಿ ತಂತಿಯ ಹೆಡ್‌ಫೋನ್ ಹಾಕಿದರೆ ಬೇಸ್ ಕೇಳಿಸಲು ಧ್ವನಿ ಏರಿಸಲೇಬೇಕು. ಬ್ಲೂಟೂತ್‌ನದರಲ್ಲಿ ಮೆಲ್ಲನೆ ಹಾಕಿದರೂ ಕೇಳಿಸುತ್ತದೆ. ಆದರೆ ಬ್ಯಾಟರಿ ಮುಗಿದಾಗ ಕೇಬಲ್ ಸಿಕ್ಕಿಸಿ ಕೇಳಿದರೆ ಇದು ಬೇರೆಯದೇ ಹೆಡ್‌ಫೋನ್. ಅದರ ಆಳದ ಬಹುಭಾಗ ಒಳಗಿನ ಎಲೆಕ್ಟ್ರಾನಿಕ್ ಚಿಪ್‌ನ ಕೈಚಳಕ. ವಿದ್ಯುತ್ ಇಲ್ಲದಾಗ ಧ್ವನಿ ಮಂಕಾಗಿ ಸಪ್ಪೆಯಾಗುತ್ತದೆ.

ಧ್ವನಿಯ ಮಟ್ಟದ ಬಗ್ಗೆಯೂ ಹೇಳಬೇಕು. ಮೆಲ್ಲನೆ ಕೇಳುವಾಗ ಕಿವಿಗೆ ಕೆಳಗಿನ ಸ್ವರಗಳು ಕಡಿಮೆ ತಾಕುತ್ತವೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ರೇಖೆಗಳ ಮೂಲಕ ತೋರಿಸಿದ್ದರು. ಬೇಸ್ ಸಾಲದು ಎನಿಸಿದಾಗ ನಾವು ಧ್ವನಿ ಏರಿಸುವುದು ಅದಕ್ಕಾಗಿಯೇ. ಏರಿಸುವ ಬದಲು ಈಕ್ವಲೈಸರ್‌ನಲ್ಲಿ 100 ಹರ್ಟ್ಜ್‌ಗಿಂತ ಕೆಳಗಿನದನ್ನು ನಾಲ್ಕೈದು ಡೆಸಿಬಲ್ ಎತ್ತುವುದು ಎಷ್ಟೋ ವಾಸಿ. ಎತ್ತುವಾಗ ಒಟ್ಟು ಮಟ್ಟವನ್ನು ಅಷ್ಟೇ ಇಳಿಸಬೇಕು, ಇಲ್ಲದಿದ್ದರೆ ಧ್ವನಿ ಒಡೆಯುತ್ತದೆ. ಆರು ಡೆಸಿಬಲ್ ಎತ್ತಿದರೆ ನಾಲ್ಕರಷ್ಟು ಶಕ್ತಿ ಕೇಳುತ್ತಿದ್ದೇವೆ ಎಂದರ್ಥ. ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. 90ಕ್ಕೆ ಏರಿದರೆ ಅದು ನಾಲ್ಕೇ ಗಂಟೆಗೆ ಇಳಿಯುತ್ತದೆ. ದಿನವಿಡೀ ಹೆಡ್‌ಫೋನ್ ಹಾಕುವವರು ದಯವಿಟ್ಟು ಇದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಕೆಟ್ಟ ಮೆತ್ತೆ ಬದಲಿಸಬಹುದು, ಕೆಟ್ಟ ಕಿವಿಯನ್ನಲ್ಲ.

ಪೆಟ್ಟಿಗೆಯ ಮೇಲಿನ ಅಂಕಿಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. 50 ಮಿಲಿಮೀಟರ್ ಡ್ರೈವರ್ 40 ಮಿಲಿಮೀಟರಿನದಕ್ಕಿಂತ ಆಳವಾಗಿ ನುಡಿಯಲೇಬೇಕೆಂದಿಲ್ಲ. 5 ಹರ್ಟ್ಜ್‌ನಿಂದ ಎಂದು ಬರೆದಿದ್ದರೂ ಅಲ್ಲಿ ಧ್ವನಿ ಎಷ್ಟು ಡೆಸಿಬಲ್ ಕುಗ್ಗಿದೆ ಎಂದು ಹೇಳದಿದ್ದರೆ ಆ ಸಂಖ್ಯೆಗೆ ಅರ್ಥವಿಲ್ಲ. ನೋಡಲೇಬೇಕಾದ ಒಂದು ಅಂಕಿಯೆಂದರೆ ಓಮ್‌ನಲ್ಲಿ ಕೊಡುವ ಪ್ರತಿರೋಧ. ಉದಾಹರಣೆಗೆ, ಬೇಯರ್‌ಡೈನಾಮಿಕ್ ಸಂಸ್ಥೆಯ ಡಿಟಿ 770 ಪ್ರೊ ಹೆಡ್‌ಫೋನ್ 32, 80 ಮತ್ತು 250 ಓಮ್‌ಗಳಲ್ಲಿ ಸಿಗುತ್ತದೆ. ಫೋನಿಗೆ ನೇರವಾಗಿ ಸಿಕ್ಕಿಸುವವರು ಕಡಿಮೆ ಓಮ್‌ನದನ್ನು ನೋಡಬೇಕು. 250ರದಕ್ಕೆ ಪ್ರತ್ಯೇಕ ಆಂಪ್ಲಿಫೈಯರ್ ಇದ್ದರೆ ಒಳ್ಳೆಯದು.

ಬ್ಲೂಟೂತ್ ಹೆಡ್‌ಫೋನ್‌ನ ಬ್ಯಾಟರಿ ಈಗ ಮೊದಲಿನಷ್ಟು ಹೊತ್ತು ಬಾಳುವುದಿಲ್ಲ, ಬಿಚ್ಚಿ ಬದಲಿಸುವ ವ್ಯವಸ್ಥೆಯೂ ಅದರಲ್ಲಿಲ್ಲ. ಈಕ್ವಲೈಸರ್ ಸಂಯೋಜನೆ ಫೋನಿನ ಆ್ಯಪ್‌ನಲ್ಲಿ ಮಾತ್ರ ಉಳಿಯುವುದರಿಂದ ಲ್ಯಾಪ್‌ಟಾಪ್‌ಗೆ ಜೋಡಿಸಿದಾಗಲೆಲ್ಲ ಆ 200 ಹರ್ಟ್ಜ್ ಉಬ್ಬು ಮತ್ತೆ ಹಾಜರಾಗುತ್ತದೆ. ಮುಂದಿನದನ್ನು ಕೊಳ್ಳುವಾಗ ಸಂಯೋಜನೆಯನ್ನು ತನ್ನೊಳಗೇ ಉಳಿಸಿಕೊಳ್ಳುವ, ಮೆತ್ತೆಯೂ ಬ್ಯಾಟರಿಯೂ ಬಿಡಿಯಾಗಿ ಸಿಗುವ ಮಾದರಿಯನ್ನೇ ಹುಡುಕುತ್ತೇನೆ. ತಂತಿಯದನ್ನು ಬದಲಿಸುವ ಯೋಚನೆ ಸದ್ಯಕ್ಕೆ ನನಗಿಲ್ಲ.