ಕೈಗೆ ಸಿಗದ ಹೀಟರ್ ಪ್ಲಗ್: ಮ್ಯಾನಿಫೋಲ್ಡ್ ಬಿಚ್ಚಬೇಕಾ, ಬೇಡವಾ?

ನಮ್ಮ ಡೀಸೆಲ್ ಕಾರಿಗೆ ನಾಲ್ಕು ಹೀಟರ್ ಪ್ಲಗ್, ಅಂದರೆ ಚಳಿಯಲ್ಲಿ ಸ್ಟಾರ್ಟ್ ಆಗಲು ಸಿಲಿಂಡರ್ ಒಳಗೆ ಬಿಸಿ ಮಾಡುವ ಕಡ್ಡಿ. ಬಾನೆಟ್ ಎತ್ತಿದರೆ ಎರಡು ಕಾಣುತ್ತವೆ. ಇನ್ನೆರಡು ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಹಿಂದೆ ಅಡಗಿವೆ. ಬೆರಳು ತಾಗುತ್ತದೆ, ಸ್ಪ್ಯಾನರ್ ತಿರುಗಲು ಜಾಗವಿಲ್ಲ. ಆಸನೂರಿನಲ್ಲಿರುವ ಭಾವನದೂ ಇದೇ ಮಾಡೆಲ್. ನನ್ನ ಕಾರಿನಲ್ಲಿ ಮ್ಯಾನಿಫೋಲ್ಡ್ ಬಿಚ್ಚದೆ, ಅವರ ಕಾರಿನಲ್ಲಿ ಬಿಚ್ಚಿ ಪ್ಲಗ್ ಬದಲಿಸಿದೆವು.

ಗುಡ್ಡಗಾಡಿನ ತಾಳವಾಡಿ ಕಡೆ ಧನುರ್ಮಾಸದ ಬೆಳಗ್ಗೆ ಎರಡೂ ಗಾಡಿಗಳದ್ದು ಒಂದೇ ಗೋಳು. ಸೆಲ್ಫ್ ಹೊಡೆದಷ್ಟೂ ಬಿಳಿ ಹೊಗೆ, ಆಮೇಲೆ ಗಡಗಡ. ಹಾಗಂತ ಸುಮ್ನೆ ಪ್ಲಗ್ ತರಬೇಡಿ. ವೈರ್ ಕಳಚಿ ಪ್ಲಗ್ ತುದಿಗೂ ಎಂಜಿನ್ ಬಾಡಿಗೂ ಓಮ್ ಅಳೆಯುವ ಮಲ್ಟಿಮೀಟರ್ ಹಿಡಿಯಿರಿ. ಚೆನ್ನಾಗಿರುವ ಪ್ಲಗ್ ಸಾಮಾನ್ಯವಾಗಿ 1 ಓಮ್ ಆಸುಪಾಸು ತೋರಿಸುತ್ತದೆ. ಏನೂ ತೋರಿಸದಿದ್ದರೆ ಸುಟ್ಟಿದೆ. ನಾಲ್ಕೂ ಸರಿ ಇದ್ದರೆ ಫ್ಯೂಸ್, ರಿಲೇ ನೋಡಿ.

ಬಿಚ್ಚದೆ ಮಾಡುವುದಕ್ಕೆ ಬೇಕಾದದ್ದು ಕಾಲು ಇಂಚಿನ ರ‍್ಯಾಚೆಟ್, ಉದ್ದದ ಎಕ್ಸ್‌ಟೆನ್ಷನ್, ಓರೆಯಾಗಿ ಬಾಗುವ ಯೂನಿವರ್ಸಲ್ ಜಾಯಿಂಟ್, ಡೀಪ್ ಸಾಕೆಟ್. ನೋಡಲು ಫೋನಿನ ಕ್ಯಾಮೆರಾ. ಇದರ ದೊಡ್ಡ ಲಾಭ ಅಂದರೆ ಎಂಜಿನ್ ಬಿಸಿ ಇರುವಾಗಲೇ ಕೆಲಸ ಶುರು ಮಾಡಬಹುದು. ಪ್ಲಗ್ ಕೂತಿರುವ ಅಲ್ಯೂಮಿನಿಯಂ ಹೆಡ್ (ಸಿಲಿಂಡರ್‌ಗಳ ಮುಚ್ಚಳ) ಉಕ್ಕಿನ ಪ್ಲಗ್‌ಗಿಂತ ಜಾಸ್ತಿ ಹಿಗ್ಗುತ್ತದೆ, ಹಿಡಿತ ಸಡಿಲವಾಗುತ್ತದೆ. ಅಂಗೈ ಸುಡುತ್ತದೆ, ಅದು ಬೇರೆ ಮಾತು.

ತೊಂದರೆ ಆ ಜಾಯಿಂಟ್‌ನದು. ಅದು ಓರೆಯಾಗಿ ಕೂತಾಗ ಪ್ಲಗ್ ತಿರುಗುತ್ತಿದೆಯೋ, ಕುತ್ತಿಗೆಯಲ್ಲಿ ತಿರುಚುತ್ತಿದೆಯೋ ಕೈಗೆ ಗೊತ್ತಾಗುವುದಿಲ್ಲ. ಬಿಚ್ಚುವಾಗ 10 ಮಿ.ಮೀ. ಥ್ರೆಡ್ಡಿನ ಪ್ಲಗ್‌ಗೆ 35 ನ್ಯೂಟನ್ ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕ್‌ನ ಅಳತೆ), 8 ಮಿ.ಮೀ.ಗೆ 20, ಸಾಮಾನ್ಯವಾಗಿ ಇದೇ ಮಿತಿ. ದಾಟಿದರೆ ಮುರಿಯುವ ಭಯ. ಓರೆ ಜಾಯಿಂಟ್ ಮೇಲೆ ಟಾರ್ಕ್ ರೆಂಚ್ ತೋರಿಸುವ ಲೆಕ್ಕವನ್ನೂ ನಂಬುವ ಹಾಗಿಲ್ಲ. ನನ್ನ ಕೊನೆಯ ಪ್ಲಗ್ ಕಿರುಗುಟ್ಟಿತು. ಸ್ವಲ್ಪ ಬಿಚ್ಚಿ, ಮತ್ತೆ ಒಳಗೆ ತಿರುಗಿಸಿ, ಹೀಗೇ ಆಡಿಸುತ್ತಾ ತೆಗೆದೆ. ಆ ಹೊತ್ತಿನಲ್ಲಿ ಯಾರಾದರೂ ಮಾತಾಡಿಸಿದ್ದರೆ ಬೈಯುತ್ತಿದ್ದೆ.

ಹೊಸದನ್ನು ಕೂರಿಸುವುದು ಮಾತ್ರ ಸಲೀಸು. ಪ್ಲಗ್ ತಲೆಗೆ ಒಂದು ತುಂಡು ರಬ್ಬರ್ ಪೈಪ್ ಸಿಕ್ಕಿಸಿ ಬೆರಳಲ್ಲೇ ತಿರುಗಿಸಬೇಕು. ಥ್ರೆಡ್ ಅಡ್ಡ ಬಿದ್ದರೆ ಪೈಪ್ ಜಾರುತ್ತದೆ, ಹೆಡ್ ಹಾಳಾಗುವುದಿಲ್ಲ. ಭಾವನ ಕಾರಿನಲ್ಲೂ ಹೀಗೇ ಮಾಡಿದೆವು.

ಮ್ಯಾನಿಫೋಲ್ಡ್ ಬಿಚ್ಚುವುದು ಅರ್ಧ ದಿನದ ಕೆಲಸ. ಇಜಿಆರ್ ಪೈಪ್ (ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್‌ಗೆ ಒಯ್ಯುವುದು), ಹೋಸ್‌ಗಳು, ಸೆನ್ಸರ್ ವೈರ್‌ಗಳು ಎಲ್ಲ ಕಳಚಬೇಕು. ಹೊಸ ಗ್ಯಾಸ್ಕೆಟ್ ಬೇಕು. ಅಷ್ಟರಲ್ಲಿ ಎಂಜಿನ್ ಆರಿರುತ್ತದೆ. ಅದಕ್ಕೇ ಭಾವ ಮೊದಲೇ ಕೆಲವು ದಿನ ಪ್ಲಗ್ ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಗಾಡಿ ಓಡಿಸುತ್ತಿದ್ದರು. ಬಿಚ್ಚಿದ ಮೇಲೆ ಸುಖವೋ ಸುಖ. ನಾಲ್ಕೂ ಎದುರಿಗೇ ಇರುತ್ತವೆ. ನೇರವಾಗಿ ಟಿ ಹ್ಯಾಂಡಲ್ ಹಾಕಬಹುದು, ಪ್ಲಗ್ ಎಲ್ಲಿ ಬಿಗಿಯಾಯಿತು, ಎಲ್ಲಿ ಬಿಟ್ಟಿತು ಎಂದು ಕೈಗೇ ತಿಳಿಯುತ್ತದೆ. ತೂತು ಕೆರೆಯುವ ರೀಮರ್‌ಗೆ ಗ್ರೀಸ್ ಹಚ್ಚಿ ತೂತಿನ ಮಸಿ ತೆಗೆದೆವು. ಮ್ಯಾನಿಫೋಲ್ಡ್ ಒಳಗೆ ಎಣ್ಣೆ ಬೆರೆತ ಮಸಿ ಕಾಡಿಗೆಯ ಹಾಗೆ ಮೆತ್ತಿಕೊಂಡಿತ್ತು, ಅದೂ ಹೋಯಿತು. ಬಿಗಿ ಮಾಡುವಾಗ 15 ನ್ಯೂಟನ್ ಮೀಟರ್ ಇಟ್ಟು ನಿಶ್ಚಿಂತೆಯಿಂದ ರೆಂಚ್ ಎಳೆದೆವು. ಹೆಡ್‌ನಲ್ಲಿ ತೆರೆದ ಗಾಳಿಯ ಪೋರ್ಟ್‌ಗಳಿಗೆ ಬಟ್ಟೆ ತುರುಕಲು ಮರೆಯಬೇಡಿ. ಎಷ್ಟು ತುರುಕಿದ್ದೀರಿ ಎಂದು ಎಣಿಸಿಟ್ಟುಕೊಳ್ಳಿ.

ಖರ್ಚಿನಲ್ಲಿ ವ್ಯತ್ಯಾಸ ಒಂದು ಗ್ಯಾಸ್ಕೆಟ್, ಅಷ್ಟೇ. ಆದರೆ ಪ್ಲಗ್ ಒಳಗೆ ಮುರಿದರೆ ಕೊರೆದು ತೆಗೆಯಬೇಕು, ಕೆಲವೊಮ್ಮೆ ಹೆಡ್ಡೇ ಇಳಿಸಬೇಕು. ಆ ಹೆಡ್ ಹೊತ್ತು ದಿಂಬಂ ಘಾಟಿಯ 27 ತಿರುವು ಇಳಿದು ಸತ್ಯಮಂಗಲಕ್ಕೋ, ಈ ಕಡೆ ಚಾಮರಾಜನಗರಕ್ಕೋ ಹೋಗುವುದು ಯಾರಿಗೆ ಬೇಕು? ಕಂಪನಿ ಪ್ಲಗ್‌ಗಳಲ್ಲೇ ಲಕ್ಷ ಕಿಲೋಮೀಟರ್ ಓಡಿದ ಗಾಡಿಯಾದರೆ ನಾನು ಬಿಚ್ಚಿಯೇ ಮಾಡುತ್ತೇನೆ. ಒಮ್ಮೆ ಬದಲಿಸಿ, ತೂತು ಸ್ವಚ್ಛ ಮಾಡಿದ ಎಂಜಿನ್‌ಗೆ ಉದ್ದದ ಎಕ್ಸ್‌ಟೆನ್ಷನ್ ಸಾಕು.

ಪ್ಲಗ್ ಕೊಳ್ಳುವಾಗ ಅದರ ಮೇಲಿನ ವೋಲ್ಟ್ ಓದಿ. ಈಗಿನ ಕೆಲವು ಪ್ಲಗ್‌ಗಳು 5 ಅಥವಾ 7 ವೋಲ್ಟಿನವು. ಕೆಂಪಗಾಗುತ್ತದಾ ನೋಡೋಣ ಎಂದು 12 ವೋಲ್ಟ್ ಬ್ಯಾಟರಿಗೆ ಹಿಡಿದರೆ ಅಲ್ಲೇ ಸುಡುತ್ತವೆ. ಸೆರಾಮಿಕ್ ತುದಿಯದು ಕೈಜಾರಿ ನೆಲಕ್ಕೆ ಬಿದ್ದರೆ ಹಾಕಲೇಬೇಡಿ. ಕಾಣದ ಬಿರುಕು ಬಿಟ್ಟು, ಆಮೇಲೆ ತುದಿ ಸಿಲಿಂಡರ್ ಒಳಗೆ ಉದುರಬಹುದು.