ಬೀಗ ಹಾಕಿದ ಊರು ನೋಡೋಕೆ ಟಿಕೆಟ್ ತಗೋಬೇಡಿ

ಅಮೆರಿಕದ ಪಶ್ಚಿಮದ ಕಡೆ ಇರುವ ಕನ್ನಡದವರಿಗೆ, ಅದರಲ್ಲೂ ಊರಿಂದ ಅಪ್ಪ ಅಮ್ಮ ಬಂದಿದ್ದರೆ, ಈ ಮಾತು. ಸೆಪ್ಟೆಂಬರ್ ಮೊದಲ ಸೋಮವಾರದ ಲೇಬರ್ ಡೇ ಕಳೆದ ಮೇಲೆ ಯಾವುದಾದರೂ ಖಾಸಗಿ ‘ಪಯನಿಯರ್ ಪಾರ್ಕ್’ಗೆ, ಅಂದರೆ ಹಳೇ ಕಾಲದ ವಲಸಿಗರ ಊರನ್ನು ಮತ್ತೆ ಕಟ್ಟಿ ತೋರಿಸುವ ಜಾಗಕ್ಕೆ ಹೊರಟಿದ್ದೀರಾ? ಟಿಕೆಟ್ ತೆಗೆಯುವ ಮುಂಚೆ ಫೋನ್ ಮಾಡಿ, ಅವತ್ತು ಎಷ್ಟು ಮನೆಗಳಲ್ಲಿ ಜನ ಇರುತ್ತಾರೆ ಅಂತ ಕೇಳಿ. ಆ ಕಡೆಯವರು ತಡವರಿಸಿದರೆ ಅಲ್ಲಿಗೇ ಬಿಟ್ಟುಬಿಡಿ.

ಪಾರ್ಕಿನ ಹೆಸರು ಹಾಕುತ್ತಿಲ್ಲ. ನಾವಿರುವ ಡೆನ್ವರ್‌ನಿಂದ ಅರ್ಧ ದಿನದ ದಾರಿ. 1840ರಿಂದ 1860ರ ದಶಕದವರೆಗೆ ಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟ ಲಕ್ಷಾಂತರ ಜನರ ಕಾಲದ ಊರೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. ಕಮ್ಮಾರನ ಕುಲುಮೆ, ಒಂದೇ ಕೋಣೆಯ ಶಾಲೆ, ಅಂಗಡಿ, ಮರದ ದಿಮ್ಮಿಯ ಮನೆಗಳು. ಆ ಕಾಲದ ಬಟ್ಟೆ ತೊಟ್ಟವರು ಕಬ್ಬಿಣ ಬಡಿಯುತ್ತಾ, ಬೆಣ್ಣೆ ಕಡೆಯುತ್ತಾ ಕಥೆ ಹೇಳಿದರೆ ತಾನೇ ಇಂಥ ಜಾಗಕ್ಕೆ ಜೀವ? ಆ ಕೆಲಸಕ್ಕೆ ಬರುವವರಲ್ಲಿ ಕಾಲೇಜು ಹುಡುಗರು, ಸ್ವಯಂಸೇವಕರೇ ಜಾಸ್ತಿಯಂತೆ. ಕಾಲೇಜು ಶುರುವಾದರೆ ಹುಡುಗರು ಹೊರಟರು. ಮನೆಗಳಿಗೆ ಬೀಗ ಬಿತ್ತು. ಟಿಕೆಟ್ ರೇಟು ಮಾತ್ರ ಬೇಸಿಗೆಯದ್ದೇ!

ನಾವು ಹೋದಾಗ ತೆರೆದಿದ್ದದ್ದು ಅಂಗಡಿ, ಊಟದ ಮನೆ, ಕುಲುಮೆ. ಕುಲುಮೆಯಲ್ಲೂ ಬೆಂಕಿ ಇಲ್ಲ. ಮಗಳು ಶಾಲೆಯ ಕಿಟಕಿಗೆ ಮೂಗು ಒತ್ತಿ ಒಳಗಿನ ಬೆಂಚು ಎಣಿಸುತ್ತಿದ್ದಳು. ಅಮ್ಮನಿಗೆ ತಡೆಯಲಿಲ್ಲ. “ಬಾಗಿಲು ಹಾಕಿರೋ ಮನೆ ನೋಡೋಕೆ ಇಷ್ಟು ದೂರ ಬರಬೇಕಿತ್ತೇನೋ? ನಮ್ಮ ಬೀದೀಲೇ ನಾಲ್ಕು ಇದ್ವಲ್ಲ” ಅಂದರು. ಹಾಸನದ ಹತ್ತಿರದ ನಮ್ಮ ಹಳ್ಳಿಯ ಮಟ್ಟಿಗೆ ಆ ಮಾತು ನಿಜ ಕೂಡ.

ಮುಂದಿನದು ಗಾಡಿ ಸವಾರಿ. ಜಾಹೀರಾತಿನಲ್ಲಿ ಎಲ್ಲಕ್ಕಿಂತ ದೊಡ್ಡ ಚಿತ್ರ ಅದರದ್ದೇ, ಆದರೆ ಟಿಕೆಟ್‌ನಲ್ಲಿ ಸೇರಿಲ್ಲ. ಕೈಗೆ ಬೇರೆ ಪಟ್ಟಿ ಕಟ್ಟಿಸಿಕೊಳ್ಳಬೇಕು, ತಲೆಗಿಷ್ಟು ಅಂತ. ಚಿನ್ನ ಜಾಲಿಸುವ ಆಟಕ್ಕೂ ಅದೇ ಪಟ್ಟಿ. ಸರಿ, ಕಟ್ಟಿಸಿಕೊಂಡೆವು. ಬಂದದ್ದು ಬಿಳಿ ಬಟ್ಟೆ ಹೊದಿಸಿದ ಟ್ರೇಲರ್. ಎಳೆಯೋಕೆ ಟ್ರ್ಯಾಕ್ಟರ್! ಹತ್ತುವ ಮೆಟ್ಟಿಲು ಎಷ್ಟು ಎತ್ತರ ಅಂದರೆ ಅಮ್ಮನ ಮಂಡಿಗೆ ಆಗಲೇ ಇಲ್ಲ. ಅವರ ದುಡ್ಡು ವಾಪಸ್ ಬರಲೂ ಇಲ್ಲ.

ಅಪ್ಪ ಆರಂಬ ಮಾಡಿದವರು, ಎತ್ತು ಕಟ್ಟಿದವರು. ಅಂಗಡಿ ಗೋಡೆಗೆ ತೂಗುಹಾಕಿದ್ದ ನೊಗದ ಮುಂದೆ ಅವರು ನಿಂತೇ ನಿಂತರು. ನಮ್ಮ ಎತ್ತಿನ ಹೆಗಲ ಮೇಲೆ ಹಿಣಿಲು ಇರುತ್ತದೆ, ನೊಗ ಅದಕ್ಕೆ ಆತುಕೊಳ್ಳುತ್ತದೆ. ಇಲ್ಲಿನ ಎತ್ತಿಗೆ ಹಿಣಿಲಿಲ್ಲ. ಅದಕ್ಕೇ ಕತ್ತಿನ ಕೆಳಗಿಂದ ಬಗ್ಗಿಸಿದ ಮರದ ಬಳೆ ಹಾಕಿ ನೊಗಕ್ಕೆ ಸಿಕ್ಕಿಸುತ್ತಿದ್ದರು. ಅಪ್ಪ ಬೆರಳಲ್ಲಿ ಮುಟ್ಟಿ ನೋಡಿ ಇದನ್ನು ತಾವೇ ಕಂಡುಹಿಡಿದರು, ಹೇಳುವವರು ಯಾರೂ ಇರಲಿಲ್ಲ. ಪಶ್ಚಿಮಕ್ಕೆ ಹೋದ ಆ ವಲಸೆ ದಾರಿಯಲ್ಲಿ ಹೆಚ್ಚಿನ ಗಾಡಿ ಎಳೆದದ್ದು ಕುದುರೆಯಲ್ಲ, ಎತ್ತುಗಳು. ಗಾಡಿ ತುಂಬಾ ಸಾಮಾನು, ಹೆಚ್ಚಿನ ಜನ ಪಕ್ಕದಲ್ಲಿ ನಡೆದೇ ಹೋದರು. ಇದನ್ನೆಲ್ಲ ನಾನು ಆಮೇಲೆ ಓದಿ ಅಪ್ಪನಿಗೆ ಹೇಳಿದ್ದು.

ಸಸ್ಯಾಹಾರಿಗಳು ಊಟದ ವಿಷಯ ಸ್ವಲ್ಪ ಗಮನ ಕೊಟ್ಟು ಓದಿ. ಬೋರ್ಡಿನಲ್ಲಿ ‘ಬೀನ್ಸ್ ಮತ್ತು ಬಿಸ್ಕೆಟ್’ ಅಂತಿತ್ತು. ಕಾಳಿನ ಪಲ್ಯ ಅಲ್ವಾ ಅಂತ ತಗಡಿನ ತಟ್ಟೆಗೆ ಹಾಕಿಸಿಕೊಂಡರೆ, ಸಿಹಿ ರಸದ ನಡುವೆ ಹಂದಿ ಮಾಂಸದ ಚೂರುಗಳು. ಬಿಸ್ಕೆಟ್‌ಗೆ ಕಲಸಿದ್ದು ಹಂದಿ ಕೊಬ್ಬು, ಕೇಳಿದ ಮೇಲೆ ಹೇಳಿದರು. ಚರಿತ್ರೆಗೆ ಇದು ಸರಿಯಾಗೇ ಇದೆ ಬಿಡಿ. 1845ರ ಒಂದು ಪ್ರಯಾಣ ಕೈಪಿಡಿ ಒಬ್ಬೊಬ್ಬರಿಗೆ 200 ಪೌಂಡ್ ಹಿಟ್ಟು, 150 ಪೌಂಡ್ ಬೇಕನ್ (ಉಪ್ಪು ಹಾಕಿದ ಹಂದಿ ಮಾಂಸ) ಕಟ್ಟಿಕೊಳ್ಳಿ ಅನ್ನುತ್ತದೆ. ಆದರೆ ಬೋರ್ಡಿನಲ್ಲಿ ಒಂದು ಸಾಲು ಬರೆದಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಅಮ್ಮ ಅವತ್ತು ಸಂಜೆವರೆಗೆ ಬಾಳೆಹಣ್ಣಿನಲ್ಲೇ ಇದ್ದರು.

ಇನ್ನು ಆ ನೆಲದಲ್ಲಿ ಮೊದಲಿಂದ ಇದ್ದ ಲಕೋಟ, ಶೈಯೆನ್ ಜನ? ಅವರ ಲೆಕ್ಕಕ್ಕೆ ಫೋಟೋ ತೆಗೆಸಿಕೊಳ್ಳಲು ಒಂದು ಪ್ಲಾಸ್ಟಿಕ್ ಡೇರೆ. ಅಷ್ಟೇ.

ದುಡ್ಡು ವಾಪಸ್ ಕೇಳಿದೆ. ಮುಂದಿನ ಬೇಸಿಗೆಗೆ ಅರ್ಧ ಬೆಲೆಯ ಕೂಪನ್ ಕೊಟ್ಟರು.

ಡೆನ್ವರ್ ಕಡೆಯವರು ಅದೇ ಪೆಟ್ರೋಲಿನಲ್ಲಿ ನೆಬ್ರಾಸ್ಕಾದ ಸ್ಕಾಟ್ಸ್ ಬ್ಲಫ್‌ಗೆ ಹೋಗಿ. ಅದೇ ವಲಸೆ ದಾರಿಯ ಮೇಲಿನ ಗುಡ್ಡ ಅದು, ಈಗ ರಾಷ್ಟ್ರೀಯ ಸ್ಮಾರಕ, ಪ್ರವೇಶ ಉಚಿತ. ವಯಸ್ಸಾದವರಿದ್ದರೆ ಗುಡ್ಡದ ತುದಿವರೆಗೆ ಕಾರಿನ ರಸ್ತೆಯಿದೆ. ಹೊರಡುವ ಮುಂಚೆ ಆ ರಸ್ತೆ ತೆರೆದಿದೆಯಾ ಅಂತ ಮಾತ್ರ ನೋಡಿಕೊಳ್ಳಿ. ಅಲ್ಲಿಂದ ಮುಂದೆ ವಯೋಮಿಂಗ್‌ನ ಫೋರ್ಟ್ ಲಾರಮಿ, ಅದೇ ದಾರಿಯ ಹಳೇ ಕೋಟೆ, ಅದಕ್ಕೂ ದುಡ್ಡಿಲ್ಲ. ಇನ್ನಷ್ಟು ಹೋದರೆ ಗರ್ನ್ಸಿ ಊರಿನ ಪಕ್ಕ ಮರಳುಗಲ್ಲಿನ ಮೇಲೆ ಆ ಗಾಡಿಗಳ ಚಕ್ರದ ಜಾಡೇ ಇದೆ, ಕೆಲವು ಕಡೆ 5 ಅಡಿ ಆಳ. ಅಪ್ಪನಿಗೆ ತೋರಿಸಬೇಕಾಗಿದ್ದದ್ದು ಅದು. ನೀರು, ಟೋಪಿ, ಚಿತ್ರಾನ್ನದ ಡಬ್ಬಿ ಜೊತೆಗಿರಲಿ, ಅಲ್ಲಿ ನೆರಳು ಕಮ್ಮಿ. ಮಕ್ಕಳನ್ನು ದಾರಿ ಬಿಟ್ಟು ಹುಲ್ಲಿನೊಳಗೆ ಇಳಿಯೋಕೆ ಬಿಡಬೇಡಿ. ಆ ಕಡೆಯೆಲ್ಲ ರ‍್ಯಾಟಲ್‌ಸ್ನೇಕ್ ಹಾವುಗಳಿವೆ.