ನಮ್ಮ ಕಾಫಿ ಪುಡಿ ಅಂಗಡಿಗೆ ಬೆಲೆ ಕಟ್ಟಿದ ವ್ಯಾಲ್ಯುಯರ್: ಐದಕ್ಕೆ ನಾಲ್ಕು ಸ್ಟಾರ್

ಹುತ್ತರಿ ಮುಗಿದ ವಾರ ಅಣ್ಣ ಪಾಲು ಕೇಳಿದ. ಮಡಿಕೇರಿ ಪೇಟೆಯಲ್ಲಿ ಅಪ್ಪ ಶುರು ಮಾಡಿದ ಕಾಫಿ ಪುಡಿ ಅಂಗಡಿ ನಮ್ಮದು. ಅಣ್ಣ, ನಾನು, ತಮ್ಮ, ಮೂವರದೂ ಸಮಪಾಲು. ಅಣ್ಣ ಮೈಸೂರು ಸೇರಿ ಹತ್ತು ವರ್ಷವಾಯಿತು. ಮಗಳ ಮದುವೆಗೆ ದುಡ್ಡು ಬೇಕಿತ್ತು. "ನಲವತ್ತು ಲಕ್ಷ ಕೊಟ್ಟುಬಿಡಿ, ಸಾಕು" ಎಂದ. ಎದುರು ಸಾಲಿನ ಅಂಗಡಿ ಒಂದು ಕೋಟಿ ಇಪ್ಪತ್ತು ಲಕ್ಷಕ್ಕೆ ಹೋಗಿತ್ತಲ್ಲ, ಅದರ ಮೂರನೇ ಒಂದು ಭಾಗ! ಅವರು ಮಾರಿದ್ದು ಕಟ್ಟಡ ಸಮೇತ. ನಮ್ಮ ಕಟ್ಟಡ ಅಮ್ಮನ ಹೆಸರಲ್ಲಿದೆ. ತಮ್ಮ ಸುಮ್ನೆ ಇರಬೇಕಲ್ಲ, ಲೆಕ್ಕದ ಪುಸ್ತಕ ತಂದು ಅಣ್ಣನ ಖಾತೆಯಲ್ಲಿದ್ದ 6.4 ಲಕ್ಷ ತೋರಿಸಿ, ನಿನ್ನ ಪಾಲು ಇಷ್ಟೇ ಎಂದ. ಊಟ ಅರ್ಧಕ್ಕೇ ನಿಂತಿತು.

ಮೊದಲು ಒಬ್ಬರನ್ನು ಕರೆಸಿ ಮೋಸಹೋದೆವು. ಮೋಸ ಅನ್ನುವುದಕ್ಕಿಂತ ನಮ್ಮದೇ ದಡ್ಡತನ ಅನ್ನಬೇಕು. ಬಂದವರು ಟೇಪು ಹಿಡಿದು ಗೋಡೆ ಅಳೆದರು, ಫೋಟೋ ತೆಗೆದರು, ಚದರಡಿಗೆ ಇಷ್ಟು ಎಂದು ಬರೆದುಕೊಟ್ಟರು. ವ್ಯಾಪಾರದ ವಿಚಾರ ಒಂದಕ್ಷರ ಇಲ್ಲ. ಆಮೇಲೆ ಗೊತ್ತಾಯಿತು, ರಿಜಿಸ್ಟರ್ಡ್ ವ್ಯಾಲ್ಯುಯರ್ ಅಂದರೆ ಎಲ್ಲರೂ ಒಂದೇ ಅಲ್ಲ. ಜಾಗ ಮತ್ತು ಕಟ್ಟಡಕ್ಕೆ ಬೇರೆ, ಯಂತ್ರಗಳಿಗೆ ಬೇರೆ, ಷೇರು ಮತ್ತು ಹಣಕಾಸಿನ ಆಸ್ತಿಗೆ ಬೇರೆ. ನಮಗೆ ಬೇಕಿದ್ದದ್ದು ಮೂರನೆಯ ಜಾತಿಯವರು. 2013ರ ಕಂಪನಿ ಕಾಯ್ದೆಯಿಂದ ಬಂದ ವ್ಯವಸ್ಥೆ ಇದು. ನಮ್ಮಂಥ ಪಾಲುದಾರಿಕೆಗೆ ಕಡ್ಡಾಯವೇನಲ್ಲ, ಆದರೆ ಅಣ್ಣನೂ ತಮ್ಮನೂ ಇಬ್ಬರೂ ನಂಬುವ ಮೂರನೆಯವರು ಬೇಕಿತ್ತಲ್ವಾ.

ಎರಡನೆಯವರು ಮೈಸೂರಿನಿಂದ ಬಂದರು. ಅದೂ ಶುಕ್ರವಾರ, ಸಂತೆಯ ದಿನ, ಕೌಂಟರ್ ಬಿಡೋಕೆ ಆಗದ ಹೊತ್ತಿನಲ್ಲಿ. ನನಗೆ ಸಿಟ್ಟೇ ಬಂತು. ಅವರು ಮಾತ್ರ ಮೂಲೆಯ ಸ್ಟೂಲಿನಲ್ಲಿ ಎರಡು ಗಂಟೆ ಕೂತು ನೋಡಿದರು. ಸುಂಟಿಕೊಪ್ಪದ ಗಿರಾಕಿಯೊಬ್ಬರು "ನಮ್ಮ ಮನೆ ಪುಡಿ ಒಂದು ಕೇಜಿ" ಎಂದರು. ನಾನು ಏನೂ ಕೇಳದೆ ಎಂಬತ್ತಕ್ಕೆ ಇಪ್ಪತ್ತು ಚಿಕೋರಿ ಹಾಕಿ, ಸ್ವಲ್ಪ ಕಪ್ಪಗೆ ಹುರಿದದ್ದನ್ನು ಕಟ್ಟಿಕೊಟ್ಟೆ.

"ಈ ಹದ ಎಲ್ಲಾದರೂ ಬರೆದಿಟ್ಟಿದ್ದೀರಾ ಮೇಡಂ?"

"ಇಲ್ಲ ಸರ್, ಎಲ್ಲ ತಲೆಯಲ್ಲೇ."

"ಇನ್ಯಾರಿಗೆ ಗೊತ್ತು?"

"ತಮ್ಮನಿಗೆ ಅರ್ಧಂಬರ್ಧ."

ಅವರು ಬರೆದುಕೊಂಡರು. ನಾನು ಒಳಗೊಳಗೇ ಉಬ್ಬಿದೆ.

ರಿಪೋರ್ಟಿನ ಅಸಲಿ ರುಚಿ ಇರುವುದು ಲಾಭದ ಲೆಕ್ಕದಲ್ಲಿ. ಮೂರು ವರ್ಷದ ಪುಸ್ತಕ ತೆಗೆದುಕೊಂಡರು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಪ್ರವಾಸಿಗರು ಬರದೇ ಹೋದ ವರ್ಷವನ್ನೂ 2020ರ ಲಾಕ್‌ಡೌನ್ ವರ್ಷವನ್ನೂ ಸೇರಿಸಿ ಎಂದು ತಮ್ಮ ಹಟ ಹಿಡಿದ. ಸರಾಸರಿ ಇಳಿಯಲಿ ಎಂಬ ಆಸೆ. ಅವರು ಒಪ್ಪಲಿಲ್ಲ. ಅಂಥ ಮಳೆ ಮತ್ತೆ ಬರಬಹುದು ಎಂಬ ಭಯವನ್ನು ಬೇರೆ ಕಡೆ ಲೆಕ್ಕಕ್ಕೆ ತಗೋತೀನಿ ಎಂದರು. ಹಾಗೇ 2024ರಲ್ಲಿ ಕಾಫಿ ರೇಟು ಜಿಗಿದಾಗ ನಮ್ಮ ಹಳೆ ದಾಸ್ತಾನಿನಿಂದ ಸಿಕ್ಕ ಲಾಭವನ್ನೂ ತೆಗೆದುಹಾಕಿದರು. ಅದು ಒಂದು ಸಲದ ಅದೃಷ್ಟ. ಉಳಿದದ್ದು ವರ್ಷಕ್ಕೆ 14 ಲಕ್ಷ.

ಆಮೇಲೆ ಕತ್ತರಿ. ನಾನೂ ತಮ್ಮನೂ ಸಂಬಳ ತೆಗೆದುಕೊಳ್ಳುವುದಿಲ್ಲ. ನಮ್ಮ ಜಾಗಕ್ಕೆ ಹೊರಗಿನವರನ್ನು ಇಟ್ಟರೆ ನನ್ನ ಕೆಲಸಕ್ಕೆ 4.8 ಲಕ್ಷ, ತಮ್ಮನ ಕೆಲಸಕ್ಕೆ 3 ಲಕ್ಷ. ಅಮ್ಮನಿಗೆ ಕೊಡುವ ಬಾಡಿಗೆ ತಿಂಗಳಿಗೆ ಎಂಟು ಸಾವಿರ, ಬೀದಿಯಲ್ಲಿ ನಡೆಯುವುದು ಇಪ್ಪತ್ತೆಂಟು ಸಾವಿರ. ಅಲ್ಲಿಗೆ ಇನ್ನೊಂದು 2.4 ಲಕ್ಷ ಹೋಯಿತು. ತಮ್ಮನ ಜೀಪಿನ ಡೀಸೆಲ್ಲು, ಇನ್ಶೂರೆನ್ಸು ಅಂಗಡಿ ಖರ್ಚಿನಲ್ಲಿ ಅಡಗಿತ್ತು. ಅದು 1.2 ಲಕ್ಷ, ವಾಪಸ್ ಸೇರಿತು. (ತಮ್ಮ ಆ ದಿನ ತಲೆ ಎತ್ತಲಿಲ್ಲ.) ಕೊನೆಗೆ ಉಳಿದದ್ದು 5 ಲಕ್ಷ.

ಈಗ ಹತ್ತೊಂಬತ್ತನೇ ಪುಟ. ಈ ವ್ಯಾಪಾರ ಕೊಳ್ಳುವವನು ತನ್ನ ದುಡ್ಡಿಗೆ ಎಷ್ಟು ಗಳಿಕೆ ಬಯಸುತ್ತಾನೆ ಎಂಬ ಲೆಕ್ಕ. ಮಳೆ, ಪ್ರವಾಸಿಗರು, ಕಾಫಿ ರೇಟಿನ ಏರಿಳಿತ ಎಲ್ಲ ಸೇರಿ ಶೇ 16 ಸಾಕಿತ್ತಂತೆ. ನನ್ನಿಂದಾಗಿ ಶೇ 20 ಹಾಕಿದ್ದಾರೆ! ವ್ಯಾಪಾರವೆಲ್ಲ ಒಬ್ಬರ ತಲೆಯಲ್ಲಿದ್ದರೆ ಅವರು ಎದ್ದುಹೋದ ದಿನ ಗಿರಾಕಿಯೂ ಹೋಗುತ್ತಾರೆ. ವರ್ಷದ ಆ 5 ಲಕ್ಷ ಕೊಟ್ಟ ದುಡ್ಡಿನ ಶೇ 16 ಆಗಬೇಕು ಎಂದರೆ ಅಂಗಡಿಯ ಬೆಲೆ 31.25 ಲಕ್ಷ, ಶೇ 20 ಆಗಬೇಕು ಎಂದಿದ್ದಕ್ಕೆ ಅದು 25 ಲಕ್ಷಕ್ಕೆ ಇಳಿಯಿತು. ಮೂವತ್ತು ವರ್ಷ ಹುರಿದ ಕೈಗೆ ಆರೂಕಾಲು ಲಕ್ಷ ಕಡಿತ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಯೋಚಿಸಿದರೆ ಅವರು ಹೇಳಿದ್ದೇ ಸರಿ ಅನಿಸಿತು.

ಹುರಿಯುವ ಮಷೀನು, ಗ್ರೈಂಡರು, ದಾಸ್ತಾನು ಇವತ್ತಿನ ರೇಟಿನಲ್ಲಿ ಬಿಡಿಬಿಡಿಯಾಗಿ ಮಾರಿದರೆ 16 ಲಕ್ಷ. ನಡೆಯುತ್ತಿರುವ ಅಂಗಡಿಗೆ ಆ ಲೆಕ್ಕ ಸಾಲದು ಎಂದು 25ಕ್ಕೇ ನಿಂತರು. ಹೆಚ್ಚಿನ 9 ಲಕ್ಷ ಗುಡ್‌ವಿಲ್, ಅಂದರೆ ಅಂಗಡಿಯ ಒಳ್ಳೆ ಹೆಸರಿನ ಬೆಲೆ. ಅಣ್ಣ "ಅದೆಲ್ಲ ಜಾಗದ ಮಹಿಮೆ" ಎಂದ. ನಮ್ಮ ವಕೀಲರು 1961ರ ಸುಪ್ರೀಂ ಕೋರ್ಟ್ ತೀರ್ಪೊಂದನ್ನು ಹೇಳಿದರು, ಮುಂಬೈನ ಇರೋಸ್ ಥಿಯೇಟರಿನದು. ಗುಡ್‌ವಿಲ್ಲಿಗೆ ಜಾಗವೊಂದೇ ಕಾರಣವಲ್ಲ, ಸೇವೆ, ನಡೆಸುವವರ ಪ್ರಾಮಾಣಿಕತೆ ಎಲ್ಲವೂ ಸೇರುತ್ತದೆ ಎಂದು ಅದರಲ್ಲಿದೆಯಂತೆ.

ಕೋರ್ಟಿಗೆ ಹೋದರೆ ಏನಾಗುತ್ತಿತ್ತು ಎಂದೂ ಕೇಳಿದೆವು. ಲೆಕ್ಕ ನೋಡಲು ಜಡ್ಜು ಕಮಿಷನರನ್ನು ನೇಮಿಸಬಹುದು. ಎರಡೂ ಕಡೆಯವರು ಒಬ್ಬೊಬ್ಬ ತಜ್ಞರನ್ನು ತರಬಹುದು. ಅವರ ಮಾತು ಬರೀ ಅಭಿಪ್ರಾಯ, ಪಾಟೀಸವಾಲು ದಾಟಿ ನಿಲ್ಲಬೇಕು. ಒಪ್ಪುವುದು ಬಿಡುವುದು ಜಡ್ಜಿಗೆ ಬಿಟ್ಟದ್ದು. ಅದಕ್ಕಿಂತ ತಮ್ಮನನ್ನು ಹೆದರಿಸಿದ್ದು 1932ರ ಪಾಲುದಾರಿಕೆ ಕಾಯ್ದೆಯ 37ನೇ ಕಲಂ. ಬೇರೆ ಒಪ್ಪಂದ ಇಲ್ಲದೆ, ಲೆಕ್ಕ ತೀರಿಸದೆ ನಾವು ವ್ಯಾಪಾರ ಮುಂದುವರಿಸಿದರೆ, ಹೊರಹೋದವನು ತನ್ನ ಪಾಲಿನ ಆಸ್ತಿ ಬಳಸಿ ಬಂದ ಲಾಭವನ್ನೋ ವರ್ಷಕ್ಕೆ ಶೇ 6 ಬಡ್ಡಿಯನ್ನೋ ಕೇಳಬಹುದು. ಯಾವುದು ಎಂದು ಆರಿಸುವುದೂ ಅವನೇ.

ಅಣ್ಣನ ಪಾಲು 8.33 ಲಕ್ಷ ಬಂತು. ಅಮ್ಮ ಎಂಟೂವರೆ ಮಾಡಿಸಿದರು. ಎರಡು ಕಂತು.

ಒಂದು ಸ್ಟಾರ್ ಕಡಿಮೆ ಯಾಕೆ ಅಂದರೆ, ನಾಲ್ಕು ವಾರ ಎಂದವರು ಏಳು ವಾರ ತೆಗೆದುಕೊಂಡರು. ನಮ್ಮ 12 ಕೇಜಿ ರೋಸ್ಟರನ್ನು 25 ಕೇಜಿ ಎಂದು ಬರೆದು, ಮೂರು ಸಲ ಫೋನ್ ಮಾಡಿದ ಮೇಲೆ ತಿದ್ದಿದರು. ಪೂರ್ತಿ ರಿಪೋರ್ಟು ಇಂಗ್ಲಿಷಿನಲ್ಲಿ, ಅಮ್ಮನಿಗೆ ನಾನೇ ಓದಿ ಹೇಳಬೇಕಾಯಿತು. ಫೀಸು 45 ಸಾವಿರ, ಜಿಎಸ್‌ಟಿ ಬೇರೆ. ಜಾಸ್ತಿ ಅನಿಸಲಿಲ್ಲ.

ಕರೆಸುವವರು ಮೂರು ವರ್ಷದ ಬ್ಯಾಲೆನ್ಸ್ ಶೀಟು, ಜಿಎಸ್‌ಟಿ ರಿಟರ್ನು, ದಾಸ್ತಾನು ಪಟ್ಟಿ ತೆಗೆದಿಟ್ಟುಕೊಳ್ಳಿ. ಪಾರ್ಟ್‌ನರ್‌ಶಿಪ್ ಡೀಡನ್ನು ಮೊದಲು ಕೇಳುತ್ತಾರೆ. ಹೊರಹೋಗುವವರ ಪಾಲನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಅದರಲ್ಲಿ ಬರೆದಿದ್ದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ. ಅಪ್ಪ ಮಾಡಿಸಿದ ಡೀಡಿನಲ್ಲಿ ಅದೊಂದು ಸಾಲು ಇರಲಿಲ್ಲ.